ಮುದ್ದೆ ಮಾಡಿ ನೋಡಿ, ಆಮೇಲೆ ರದ್ದಿಗೆ ಹಾಕಿ

ಕ್ರಿಸ್ಮಸ್ ಮರುದಿನ, ಡಿಸೆಂಬರ್ 26ರ ಬೆಳಗ್ಗೆ ನಮ್ಮ ಶೆಡ್ಡಿಗೆ ಬರುವ ಮೂಟೆಗಳಲ್ಲಿ ಕೇಶ್ವಾಪುರದ ಕಡೆಯದು ಯಾವುದು ಅಂತ ಬಿಚ್ಚದೆಯೇ ಹೇಳಬಲ್ಲೆ. ಕಿತ್ತಳೆ ಸಿಪ್ಪೆಯ ವಾಸನೆ, ಕೇಕಿನ ಡಬ್ಬಿ, ಎಲ್ಲದರ ಮೇಲೂ ಚಮಕಿ. ಹುಬ್ಬಳ್ಳಿಯಲ್ಲಿ ಒಣ ಕಸ ಆರಿಸುವ ಕೆಲಸಕ್ಕೆ ಬಿದ್ದು ನನಗೆ ಹದಿನಾಲ್ಕು ವರ್ಷವಾಯಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಇಲ್ಲಿ ಮತ್ತೆ ಹೇಳುವುದಿಲ್ಲ. ದೇಶದ 2016ರ ಘನತ್ಯಾಜ್ಯ ನಿಯಮದಲ್ಲೇ ಅದು ಬಂದಿತ್ತು, ಕಸದ ಗಾಡಿಯೂ ದಿನಾ ಅದನ್ನೇ ಕೂಗುತ್ತದೆ. ನನ್ನ ತಕರಾರು ಒಂದೇ: ಥಳಥಳ ಹೊಳೆಯುವ ಗಿಫ್ಟ್ ಪೇಪರನ್ನು ದಯವಿಟ್ಟು ರದ್ದಿಗೆ ಸೇರಿಸಬೇಡಿ.

ಹೆಸರಲ್ಲಿ ಪೇಪರ್ ಇದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಕನ್ನಡಿ ಹಾಗೆ ಹೊಳೆಯುವ ಆ ಬಂಗಾರ, ಬೆಳ್ಳಿ ಬಣ್ಣದ ಹಾಳೆ ಹೆಚ್ಚಾಗಿ ತೆಳು ಪ್ಲಾಸ್ಟಿಕ್. ಅದರ ಮೇಲೆ ಅಲ್ಯುಮಿನಿಯಂ ಆವಿ ಹಾಯಿಸಿ, ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಪದರ ಕೂರಿಸಿರುತ್ತಾರೆ. ರದ್ದಿ ಕೊನೆಗೆ ಸೇರುವುದು ಕಾಗದದ ಗಿರಣಿಗೆ. ಅಲ್ಲಿ ದೊಡ್ಡ ತೊಟ್ಟಿಗೆ ನೀರು ಬಿಟ್ಟು, ಮಜ್ಜಿಗೆ ಕಡೆದಂತೆ ಕಡೆಯುತ್ತಾರೆ. ಕಾಗದ ನೆನೆದು ನಾರು ನಾರಾಗಿ ಬಿಡುತ್ತದೆ. ಪ್ಲಾಸ್ಟಿಕ್ ನೆನೆಯುವುದಿಲ್ಲ, ಚೂರಾಗಿ ಜರಡಿಗೆ ಮೆತ್ತಿಕೊಳ್ಳುತ್ತದೆ. ಬೆಣ್ಣೆ ಹತ್ತಿದ ರಟ್ಟಿನದೂ ಇದೇ ಗೋಳು. ಜಿಡ್ಡು ನಾರಿಗೆ ಅಂಟಿ, ಹೊಸ ಹಾಳೆಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಒಂದು ಜನವರಿಯಲ್ಲಿ ನಾವು ಕಳಿಸಿದ ಇಡೀ ಲೋಡು ರದ್ದಿ ಹಾಗೇ ವಾಪಸ್ ಬಂತು. ಮೊದಲ ಮೂಟೆ ಬಿಚ್ಚಿದವರಿಗೆ ಕಂಡದ್ದು ಮಿರಿಮಿರಿ ಮಿಂಚುವ ಸಾಂತಾಕ್ಲಾಸ್. ಹೋಗಿ ಬಂದ ಲಾರಿ ಬಾಡಿಗೆ ನಮ್ಮ ತಲೆಗೆ.

ನಮ್ಮ ಶೆಡ್ಡಿಗೆ ಹತ್ತಿರವೇ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ಹಬ್ಬದ ಮರುದಿನ ಕರೆದು, ಗಿಫ್ಟ್ ಪೇಪರನ್ನೆಲ್ಲ ಇಸ್ತ್ರಿ ಮಾಡಿದಂತೆ ಮಡಚಿ, ರಿಬ್ಬನ್ ಕಟ್ಟಿ ಕೊಟ್ಟರು. "ನೋಡಪಾ, ಎಲ್ಲಾ ಬ್ಯಾರೆ ಬ್ಯಾರೆ ಮಾಡೀನಿ." ಅವರ ಮುಖ ನೋಡಿ ಬಾಯಿ ಬರಲಿಲ್ಲ. ಸುಮ್ನೆ ಒಂದು ಹಾಳೆ ತೆಗೆದು, ಮುಷ್ಟಿಯಲ್ಲಿ ಗಟ್ಟಿಯಾಗಿ ಮುದ್ದೆ ಮಾಡಿ ಟೇಬಲ್ ಮೇಲಿಟ್ಟೆ. ಮುದ್ದೆ ಚಟಚಟ ಅನ್ನುತ್ತಾ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಪಕ್ಕದಲ್ಲಿ ಅವತ್ತಿನ ಪೇಪರಿನ ಒಂದು ತುಂಡನ್ನೂ ಮುದ್ದೆ ಮಾಡಿಟ್ಟೆ. ಅದು ಇಟ್ಟ ಹಾಗೇ ಕೂತಿತ್ತು. "ಅಯ್ಯ, ಇದು ಜೀವ ಇದ್ದಂಗ ಏಳಾಕತ್ತೇತಲ್ಲೋ!" ಅಂತ ನಕ್ಕುಬಿಟ್ಟರು.

ಪರೀಕ್ಷೆ ಅಂದರೆ ಇಷ್ಟೇ. ಮುದ್ದೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್, ಹಾಗೇ ಉಳಿದರೆ ಕಾಗದ. ಆದರೆ ಇದನ್ನೇ ಪೂರ್ತಿ ನಂಬಬೇಡಿ. ತೆಳು ಪ್ಲಾಸ್ಟಿಕ್ ಅಂಟಿಸಿದ ಕೆಲವು ಕಾಗದಗಳೂ ಮುದ್ದೆಯಾಗೇ ಉಳಿಯುತ್ತವೆ. ಅದಕ್ಕೆ ಅಂಚು ಹರಿದೂ ನೋಡಿ. ಹರಿದಲ್ಲಿ ನಾರು ಕಂಡರೆ ಕಾಗದ. ನಾರಿನ ಜೊತೆ ಸಿಪ್ಪೆಯಂಥ ಪೊರೆ ಎದ್ದರೆ ಅದು ರದ್ದಿಯಲ್ಲ. ಚಮಕಿ ಉದುರುವುದಂತೂ ಬೇಡವೇ ಬೇಡ, ಆ ಚಮಕಿಯೂ ಪ್ಲಾಸ್ಟಿಕ್ಕೇ. ನಿಮ್ಮ ಗುಜರಿಯವರು ಏನು ತಗೊಳ್ಳುತ್ತಾರೆ ಅಂತ ಒಮ್ಮೆ ಕೇಳಿಯೂ ಬಿಡಿ, ಒಬ್ಬೊಬ್ಬರದು ಒಂದೊಂದು ಲೆಕ್ಕ.

ಕೇಕಿನ ಡಬ್ಬಿಯ ಮುಚ್ಚಳ ಸಾಮಾನ್ಯವಾಗಿ ಚೊಕ್ಕ ಇರುತ್ತದೆ, ಅದನ್ನು ಹರಿದು ರದ್ದಿಗೆ ಕೊಡಿ. ಜಿಡ್ಡಿನ ತಳ ಬೇಡ. ಕೇಕಿನ ಕೆಳಗಿನ ಬಂಗಾರ ಬಣ್ಣದ ರಟ್ಟು, ಬಟರ್ ಪೇಪರ್ ಕೂಡ ಬೇಡ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಲ್ಲೇ. ಧಾರವಾಡದ ಚಳಿಗೆ ಈ ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ತುರುಕಿ ನೀರು ಕಾಯಿಸುವವರಿದ್ದಾರೆ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಮೊದಲು ಹೋಗುವುದು ನಿಮ್ಮ ಮನೆಯ ಕೂಸಿನ ಮೂಗಿಗೆ.

ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಗೆ ಥರ್ಮಾಕೋಲ್ ಹಿಮ ಯಾಕೆ ಬೇಕೋ ನನಗೆ ಗೊತ್ತಿಲ್ಲ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಸಿಹಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಅದೇ ಪಟ್ಟಿಯಲ್ಲಿದೆ. ನಮ್ಮ ಕಡೆ ಜೋಳದ ಕಣಿಕೆಗೆ ಬರವೇ? ಹಬ್ಬ ಮುಗಿದ ಮೇಲೆ ಅದನ್ನು ಎಮ್ಮೆಗೆ ಹಾಕಬಹುದು. ಚಮಕಿ ಉದುರಿಸಿದ್ದರೆ ಮಾತ್ರ ಹಾಕಬೇಡಿ. ಕೆಟ್ಟ ಸೀರಿಯಲ್ ಲೈಟು, ಹಾಡುವ ನಕ್ಷತ್ರದ ಸೆಲ್ಲು ಇವನ್ನು ಬೇರೆ ಚೀಲದಲ್ಲಿಡಿ, ಅಷ್ಟೇ.

ಟೀಚರ್ ಮನೆಯಲ್ಲಿ ಕರ್ಚಿಕಾಯಿ, ಚಕ್ಕಲಿ ಹಂಚುವುದು ಇವತ್ತಿಗೂ ಸ್ಟೀಲ್ ಡಬ್ಬಿಯಲ್ಲಿ. ಆ ಡಬ್ಬಿಯನ್ನು ಯಾರೂ ಬರಿದಾಗಿ ತಿರುಗಿಸುವುದಿಲ್ಲ, ಎರಡು ಚಮಚ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಅಷ್ಟು ಮನೆಗೆ ಹಂಚಿದರೂ ಅವರಿಂದ ನಮ್ಮ ಶೆಡ್ಡಿಗೆ ಒಂದು ರಟ್ಟೂ ಬರುವುದಿಲ್ಲ.

ಹೋದ ವಾರ ಅವರದೇ ಫೋನು. ಮೊಮ್ಮಗನಿಗೆ ಯಾರೋ ಕೊಟ್ಟ ಗಿಫ್ಟಿನ ಹಾಳೆಯನ್ನು ಫೋನಿನ ಹತ್ತಿರ ಹಿಡಿದು ಪರಪರ ಅನ್ನಿಸಿದರು. "ಸಪ್ಪಳ ಕೇಳಿ ಹೇಳೋ, ರದ್ದಿಗೆ ಹಾಕಲೋ ಬ್ಯಾಡೋ?"

"ಅಂಚು ಹರದು ನೋಡ್ರಿ ಟೀಚರ್."

ಸ್ವಲ್ಪ ಹೊತ್ತು ಸದ್ದಿಲ್ಲ. "ಹರೀವಲ್ದಪಾ. ಛಲೋ ಗಟ್ಟಿ ಐತಿ. ಹಂಗಾರ ಮಡಚಿ ಇಡತೀನಿ, ಮುಂದಿನ ವರ್ಷ ಇದ್ರಾಗ ನಿನಗ ಏನರೆ ಸುತ್ತಿ ಕೊಡತೀನಿ."