ಕುದುರೆಯ ಒಲೆ ಹೊಟ್ಟೆಯಲ್ಲಿದೆ

ಡಿಸೆಂಬರ್ ಬಂತೆಂದರೆ ಕೆನಡಾದ ಕ್ಯಾಲ್ಗರಿ ಸುತ್ತಮುತ್ತಲಿನ ಲಾಯಗಳಲ್ಲಿ ಮೊದಲು ಏಳುವ ಪ್ರಶ್ನೆ ಕಂಬಳಿಯದು. "ಮೈನಸ್ 12 ಇದೆ, ಕುದುರೆ ಹೊರಗೇ ನಿಂತಿದೆ, ಬೆನ್ನ ಮೇಲೆಲ್ಲ ಹಿಮ. ಏನಾದರೂ ಹೊದಿಸಬೇಡವೇ?" ಮಗಳ ಸವಾರಿ ಪಾಠದಿಂದ ಶುರುವಾಗಿ, ಅರ್ಧ ಲೀಸಿಗೆ (ಒಂದೇ ಕುದುರೆಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು ಬಾಡಿಗೆ ಕೊಡುವುದಕ್ಕೆ) ಇಳಿದು, ಕೊನೆಗೆ ಕುದುರೆಯನ್ನು ಕೊಂಡೇಬಿಟ್ಟ ಕನ್ನಡದ ಮನೆಯವರೂ ಇದನ್ನೇ ಕೇಳುತ್ತಾರೆ. ಬೆನ್ನ ಮೇಲಿನ ಹಿಮ ಕರಗದೆ ಕೂತಿದೆ ಎಂದರೆ ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ ಎಂದರ್ಥ. ಕೈಗವಸು ಕಳಚಿ ಕೂದಲ ಬುಡದವರೆಗೆ ಬೆರಳು ತೂರಿಸಿ ನೋಡಿ. ಚರ್ಮ ಒಣಗಿದ್ದು ಬೆಚ್ಚಗಿದ್ದರೆ ಹೊದಿಕೆಯ ಮಾತೇ ಬೇಡ.

ಚಳಿಗಾಲದ ಕೂದಲು ದಟ್ಟವಾಗಿ ಬಂದಿರುವ, ಮೈಯಲ್ಲಿ ಸಾಕಷ್ಟು ಕೊಬ್ಬಿರುವ ಕುದುರೆ ಸುಮಾರು ಮೈನಸ್ 8ರಿಂದ ಮೈನಸ್ 10 ಡಿಗ್ರಿವರೆಗೆ ವಿಶೇಷ ಶ್ರಮವಿಲ್ಲದೆ ತನ್ನ ಶಾಖ ಕಾಪಾಡಿಕೊಳ್ಳುತ್ತದೆ. ಅದರ ಕೆಳಗಿಳಿದರೆ ಸಾಯುವುದಿಲ್ಲ, ಕೂಡಲೇ ನಡುಗುವುದೂ ಇಲ್ಲ. ಹೆಚ್ಚು ಮೇವು ಸುಡಬೇಕಾಗುತ್ತದೆ, ಅಷ್ಟೇ. ಕೂದಲು ನೆನೆದಿದ್ದರೆ ಅಥವಾ ಬೇಸಿಗೆಯ ತೆಳು ಕೂದಲಿದ್ದರೆ ಈ ಗಡಿ ಸುಮಾರು ಪ್ಲಸ್ 5ಕ್ಕೆ ಏರಿಬಿಡುತ್ತದೆ. ಹೀಗಾಗಿ ಮೈನಸ್ 15ರ ಒಣ ಹಿಮಕ್ಕಿಂತ ಪ್ಲಸ್ 2ರ ಗಾಳಿಮಳೆ ಕುದುರೆಗೆ ಕೆಟ್ಟದ್ದು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿಯಲ್ಲಿ. ಅಂದಿನ ಕುದುರೆಗಳಿಗೂ, ಮೈ ಒಣಗಿದ್ದವಾದರೆ, ಅದು ಹಾಯಾದ ಹವೆಯೇ. ನಮಗೆ ಸ್ವೆಟರ್ ಬೇಕೆನಿಸಿದ್ದೆಲ್ಲ ಕುದುರೆಗೆ ಚಳಿ ಎಂದು ಎಣಿಸುವ ಅಭ್ಯಾಸವನ್ನು ನಾವು ಅಲ್ಲಿಂದಲೇ ಹೊತ್ತು ತಂದಿದ್ದೇವೆ.

ಕೂದಲು ಬೆಳೆಯುವುದು ಚಳಿಗೆ ಹೆದರಿ ಅಲ್ಲ, ಹಗಲು ಕುಗ್ಗುವುದನ್ನು ಕಂಡು. ಬೇಸಿಗೆ ಇನ್ನೂ ಮುಗಿಯದಿರುವಾಗಲೇ ಮೈ ತಯಾರಿ ಶುರುಮಾಡಿರುತ್ತದೆ. ಚಳಿಯಲ್ಲಿ ಪ್ರತಿ ಕೂದಲೂ ನಿಮಿರಿ ನಿಂತು, ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರ ಮೇಲೆ ತೆಳ್ಳನೆಯ ಹೊದಿಕೆ ಹಾಕಿದಿರೋ, ನಿಮಿರಿದ ಕೂದಲೆಲ್ಲ ಚಪ್ಪಟೆಯಾಗಿ ಗಾಳಿಯ ಪದರ ಹೋಯಿತು. ಹೊದಿಸಿದ್ದು ಅದನ್ನು ತುಂಬಿಕೊಡುವಷ್ಟು ದಪ್ಪವೂ ಇಲ್ಲ. ಅರೆಮನಸ್ಸಿನ ಹೊದಿಕೆಗಿಂತ ಬರಿಮೈಯೇ ವಾಸಿ ಎನ್ನುವುದು ಇದಕ್ಕೇ.

ಹಾಗಾದರೆ ಶಾಖ ಬರುವುದೆಲ್ಲಿಂದ? ಹೊಟ್ಟೆಯಿಂದ. ಕುದುರೆಯ ಜಠರ ಚಿಕ್ಕದು, 10–15 ಲೀಟರ್ ಹಿಡಿದರೆ ಹೆಚ್ಚು. ನಾರಿನ ನಿಜವಾದ ಜೀರ್ಣ ನಡೆಯುವುದು ಹಿಂಭಾಗದ ದೊಡ್ಡ ಕರುಳಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ. ಇಡ್ಲಿ ಹಿಟ್ಟಿನ ಪಾತ್ರೆ ಮುಟ್ಟಿದರೆ ಬೆಚ್ಚಗಿರುತ್ತದಲ್ಲ, ಅದೇ ಕೆಲಸ ಇಲ್ಲಿ ದಿನವಿಡೀ, ನೂರಾರು ಪಟ್ಟು ದೊಡ್ಡದಾಗಿ ನಡೆಯುತ್ತಿರುತ್ತದೆ. ಈ ಒಲೆಗೆ ಸೌದೆ ಒಣಹುಲ್ಲು, ಧಾನ್ಯವಲ್ಲ. ನಮ್ಮ ಕಡೆ ಕುದುರೆಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು, ಹುರುಳಿ ಉಷ್ಣ ಎಂಬ ಲೆಕ್ಕವೂ ಇತ್ತು. ಇಲ್ಲಿಯ ಹಳಬರು ಓಟ್ಸ್ ಬಗ್ಗೆ ಹಾಗೆಯೇ ಹೇಳುತ್ತಾರೆ. ದುಡಿಯುವ ಕುದುರೆಗೆ ಧಾನ್ಯ ಶಕ್ತಿ ಕೊಡುವುದು ನಿಜ. ಆದರೆ ಅದು ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗುವುದರಿಂದ, ಹುದುಗಿ ಹುಟ್ಟುವ ಶಾಖ ಅದರಲ್ಲಿ ಕಡಿಮೆ. ಚಳಿ ಬಿತ್ತೆಂದು ಒಮ್ಮೆಲೇ ಎರಡು ಪಾವು ಹೆಚ್ಚಿಗೆ ಓಟ್ಸ್ ಸುರಿದರೆ ಮೈ ಬೆಚ್ಚಗಾಗುವ ಮೊದಲು ಹೊಟ್ಟೆ ಕೆಡುತ್ತದೆ.

ಲೆಕ್ಕ ಹೀಗೆ. 500 ಕಿಲೋ ತೂಕದ ಕುದುರೆಗೆ ಮೈತೂಕದ ಶೇ. 2ರಷ್ಟು, ಅಂದರೆ ದಿನಕ್ಕೆ 10 ಕಿಲೋ ಒಳ್ಳೆಯ ಒಣಹುಲ್ಲು. ಉಷ್ಣಾಂಶ ಮೈನಸ್ 10ರಿಂದ ಕೆಳಗೆ ಪ್ರತಿ 5 ಡಿಗ್ರಿ ಇಳಿದಂತೆ ಸರಿಸುಮಾರು 1 ಕಿಲೋ ಸೇರಿಸಿ. ಆರ್ಕ್ಟಿಕ್ ಗಾಳಿ ಇಳಿದು ಮೈನಸ್ 30 ಮುಟ್ಟಿದ ವಾರ ಇದು 14 ಕಿಲೋ ಆಗುತ್ತದೆ. ಅಷ್ಟನ್ನು ತಿಂದು ಮುಗಿಸಲಾಗದ ಕುದುರೆಗೆ ಹುಲ್ಲಿನ ಒಂದು ಪಾಲನ್ನು ಲೂಸರ್ನಿಗೆ, ನಮ್ಮ ಕುದುರೆಮೆಂತೆಗೆ, ಬದಲಿಸಬಹುದು. ಹವಾಮಾನ ಮುನ್ಸೂಚನೆ ನೋಡಿಕೊಂಡು ಕೆಲವು ದಿನ ಮೊದಲೇ ಸ್ವಲ್ಪಸ್ವಲ್ಪವಾಗಿ. ಹುದುಗಲು ಹಲವು ಗಂಟೆ ಬೇಕಾಗುವುದರಿಂದ ಹೆಚ್ಚಿನ ಹುಲ್ಲನ್ನು ರಾತ್ರಿಯ ಪಾಲಿಗೇ ಸೇರಿಸಿ. ಮುಂಜಾನೆಯ ಕಡು ಚಳಿಗೆ ಒಲೆ ಉರಿಯುತ್ತಿರಬೇಕು.

"ಎರಡು ಕಟ್ಟು ಹಾಕಿದ್ದೇವೆ" ಎನ್ನುವುದು ಅಳತೆಯಲ್ಲ. ಕಟ್ಟಿನಿಂದ ಕಟ್ಟಿಗೆ ತೂಕ ದುಪ್ಪಟ್ಟು ವ್ಯತ್ಯಾಸವಾಗುತ್ತದೆ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗಲು ಮನೆಯಲ್ಲಿಟ್ಟ ಕೊಕ್ಕೆ ತಕ್ಕಡಿ ಉಂಟಲ್ಲ, ಅದಕ್ಕೆ ಹುಲ್ಲಿನ ಬಲೆಯನ್ನು ನೇತುಹಾಕಿ ತೂಗಿ. ಕುದುರೆ ಸೊರಗಿದೆಯೇ ಎಂದು ಕಣ್ಣಿನಿಂದ ಹೇಳಲಾಗದು, ಕೂದಲು ಎಲ್ಲವನ್ನೂ ಮುಚ್ಚಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಪಕ್ಕೆಲುಬುಗಳ ಮೇಲೆ ಒತ್ತಿ ಎಳೆಯಿರಿ. ಎಲುಬು ಕೈಗೆ ಸಿಗಬೇಕು, ಆದರೆ ಕೊಬ್ಬಿನ ತೆಳು ಪದರದ ಅಡಿಯಿಂದ. ಮುಷ್ಟಿಯ ಗಿಣ್ಣು ಮುಟ್ಟಿದಂತಿದ್ದರೆ ಕುದುರೆ ಸೊರಗಿದೆ. ಮುದಿ ಕುದುರೆಗಳಲ್ಲಿ ಇದು ಜನವರಿಯಲ್ಲಿ ಗೊತ್ತಾದರೆ ಸರಿಪಡಿಸಲು ತೀರ ತಡವಾಯಿತು. ಹಲ್ಲು ಸವೆದು ಹುಲ್ಲು ಅಗಿಯಲಾಗದೆ ಉಂಡೆ ಮಾಡಿ ಉಗುಳುತ್ತಿರುತ್ತವೆ. ಹಲ್ಲಿನ ತಪಾಸಣೆ ಅಕ್ಟೋಬರಿನೊಳಗೇ ಆಗಬೇಕು.

ಈಗ ನೀರು. ಚಳಿಗಾಲದಲ್ಲಿ ಕುದುರೆಯನ್ನು ಆಸ್ಪತ್ರೆಗೆ ತಳ್ಳುವುದು ಹೆಚ್ಚಾಗಿ ಚಳಿಯಲ್ಲ, ಬಾಯಾರಿಕೆ. ಬೇಸಿಗೆಯ ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಣಹುಲ್ಲಿನಲ್ಲಿ ಅದು ಶೇ. 15ಕ್ಕಿಂತ ಕಡಿಮೆ. ಹುಲ್ಲು ಹೆಚ್ಚು ಹಾಕಿದಷ್ಟೂ ನೀರೂ ಹೆಚ್ಚು ಬೇಕು: 500 ಕಿಲೋ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್. ಆದರೆ ಮಂಜುಗಡ್ಡೆಯಂಚಿನ ನೀರನ್ನು ಅದು ನಾಲ್ಕು ಗುಟುಕು ಹೀರಿ ಬಿಟ್ಟುಬಿಡುತ್ತದೆ. ನೀರನ್ನು 7ರಿಂದ 18 ಡಿಗ್ರಿಯ ನಡುವೆ ಇಟ್ಟರೆ ಕುಡಿಯುವ ಪ್ರಮಾಣ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಕಡಿಮೆ ಕುಡಿದಾಗ ಕರುಳಿನಲ್ಲಿರುವ ಹುಲ್ಲಿನ ಪೇಸ್ಟ್ ಗಟ್ಟಿಯಾಗಿ, ದೊಡ್ಡ ಕರುಳು ಮಡಚಿ ಕಿರಿದಾಗುವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿಗಾಲದ ಕೋಲಿಕ್‌ನ, ಅಂದರೆ ಕುದುರೆಯ ಹೊಟ್ಟೆನೋವಿನ, ದೊಡ್ಡ ಪಾಲು ಇದು.

"ಹಿಮ ತಿನ್ನುತ್ತದಲ್ಲ" ಎಂಬ ಸಮಾಧಾನ ಬೇಡ. ಸಂಡ್ರೆ ಕಡೆಯ ಕಾಡಂಚಿನಲ್ಲಿ ಅಡ್ಡಾಡುವ ಕಾಡುಕುದುರೆಗಳು ಗೊರಸಿನಿಂದ ಹಿಮ ಕೆದರಿ ಬದುಕುತ್ತವೆ ನಿಜ. ಅವು ಹಿಮದಡಿಯ ಹುಲ್ಲನ್ನೂ ಎಳೆದು ತಿನ್ನುತ್ತಾ ದಿನವಿಡೀ ಓಡಾಡುತ್ತಿರುತ್ತವೆ. ಪುಡಿ ಹಿಮದ ಹತ್ತು ಬಕೆಟ್ ಕರಗಿದರೆ ಒಂದು ಬಕೆಟ್ ನೀರು. ಕಟ್ಟಿದ ಹುಲ್ಲು ತಿನ್ನುವ ಕುದುರೆಗೆ ಅದು ಸಾಲುವುದಿಲ್ಲ.

ಬಾನಿಗೆ ಹೀಟರ್ ಹಾಕಿದ ಕೂಡಲೇ ಕೆಲಸ ಮುಗಿಯಲಿಲ್ಲ. ವೈರಿನ ಪ್ಲಾಸ್ಟಿಕ್ ಬಿರಿದು ನೀರಿಗೆ ವಿದ್ಯುತ್ ಸೋರುವುದುಂಟು. ನಮ್ಮ ರಬ್ಬರ್ ಬೂಟಿಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆ ಒದ್ದೆ ನೆಲದ ಮೇಲೆ ಲಾಳ ತೊಟ್ಟು ನಿಂತ ಕುದುರೆಯ ಮೂತಿಗೆ ಚುರುಕ್ ಎನ್ನುತ್ತದೆ. ಬಾನಿಯ ಹತ್ತಿರ ಬಂದು, ಮೂತಿ ಚಾಚಿ, ಥಟ್ಟನೆ ಹಿಂದೆ ಸರಿಯುವ ಕುದುರೆ ಕಂಡರೆ ಮೊದಲು ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಸೋರಿಕೆಯಾದೊಡನೆ ತಾನೇ ಕಡಿತವಾಗುವ ಸ್ವಿಚ್ಚಿಗಷ್ಟೇ ಹೀಟರನ್ನು ಜೋಡಿಸಬೇಕು. ವಿದ್ಯುತ್ ಇಲ್ಲದ ಕಡೆ ದಿನಕ್ಕೆರಡು ಸಲ, ಹುಲ್ಲು ಹಾಕಿದ ಸ್ವಲ್ಪ ಹೊತ್ತಿಗೆ, ಬಿಸಿನೀರು ಬೆರೆಸಿದ 20 ಲೀಟರಿನ ಬಕೆಟ್ ಇಡಿ. ಕುದುರೆ ಹೆಚ್ಚು ಕುಡಿಯುವುದು ಮೇಯುವ ಹೊತ್ತಿನ ಆಸುಪಾಸಿನಲ್ಲೇ. ಜೊತೆಗೆ ದಿನಕ್ಕೆ 25–30 ಗ್ರಾಂ ಪುಡಿಯುಪ್ಪು ಮೇವಿಗೆ ಬೆರೆಸಿ. ಮೈನಸ್ 20ರಲ್ಲಿ ಉಪ್ಪಿನ ಗಟ್ಟಿಯನ್ನು ನೆಕ್ಕಲು ಯಾವ ನಾಲಿಗೆಗೂ ಇಷ್ಟವಿರುವುದಿಲ್ಲ. ಭಾನುವಾರದ ಬಿಸಿ ಬೂಸಾ ಗಂಜಿಯ ಸಂಪ್ರದಾಯ ಇಲ್ಲಿ ಇನ್ನೂ ಇದೆ. ಒಂದಿಷ್ಟು ನೀರು ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಬಿಟ್ಟರೆ ವಾರಕ್ಕೊಮ್ಮೆ ಹಠಾತ್ತನೆ ಬದಲಾಗುವ ಮೇವಿನಿಂದ ಲಾಭವಿಲ್ಲ. ಕೊಡುವುದಾದರೆ ದಿನಾ ತಿನ್ನುವ ಮೇವನ್ನೇ ಬಿಸಿನೀರಿನಲ್ಲಿ ನೆನೆಸಿ ಕೊಡಿ.

ಹೊದಿಕೆ ಯಾರಿಗೆ ಬೇಕು? ಕೂದಲು ಕತ್ತರಿಸಿದ ಕುದುರೆಗೆ, ಮುದಿಯಾಗಿ ಸೊರಗಿದ್ದಕ್ಕೆ, ಗಾಳಿಮಳೆಗೆ ಮರೆಯೇ ಇಲ್ಲದ ಬಯಲಿನಲ್ಲಿರುವುದಕ್ಕೆ, ನವೆಂಬರಿನಲ್ಲಿ ಬೆಚ್ಚನೆಯ ಊರಿಂದ ಬಂದಿಳಿದದ್ದಕ್ಕೆ. ಒಳಗಿನ ತುಂಬಣವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ: 100ರ ಆಸುಪಾಸು ತೆಳು, 200–250 ಮಧ್ಯಮ, 300 ದಾಟಿದರೆ ದಪ್ಪ. ಹೊರಗೆ ಬಿಡುವಾಗ ಹಾಕುವುದು ನೀರು ತಡೆಯಬೇಕು, ಬೆವರಿನ ಆವಿಯನ್ನು ಹೊರಗೆ ಬಿಡಲೂಬೇಕು. ಹೊದಿಸಿದ ಮೇಲೆ ದಿನಕ್ಕೊಮ್ಮೆ ಪೂರ್ತಿ ಕಳಚಿ ಹೆಗಲು, ಎದೆ, ಬೆನ್ನಿನ ಉಬ್ಬು ಉಜ್ಜಿಹೋಗಿದೆಯೇ ನೋಡಲೇಬೇಕು. ಹಾಕಿ ಮರೆಯುವವರಿಗೆ ಹೊದಿಕೆ ಬೇಡ.

ಅದರಲ್ಲೂ ಇದು ಚಿನೂಕ್ ಬೀಸುವ ಸೀಮೆ. ರಾಕಿ ಪರ್ವತಗಳನ್ನು ಇಳಿದು ಬರುವ ಆ ಪಡುವಣ ಗಾಳಿಗೆ ಬೆಳಿಗ್ಗೆ ಮೈನಸ್ 15 ಇದ್ದದ್ದು ಮಧ್ಯಾಹ್ನಕ್ಕೆ ಪ್ಲಸ್ 5 ಆಗಬಹುದು. ದಪ್ಪ ಹೊದಿಕೆಯೊಳಗೆ ಕುದುರೆ ಬೆವರಿ ತೊಪ್ಪೆಯಾಗುತ್ತದೆ. ಯಜಮಾನರು ಆಫೀಸಿನಲ್ಲಿ. ಸಂಜೆ ಮತ್ತೆ ಚಳಿ ಇಳಿಯುವ ಹೊತ್ತಿಗೆ ಒದ್ದೆ ಕೂದಲು, ಅದರ ಮೇಲೆ ಒದ್ದೆ ಹೊದಿಕೆ. ಬೆನ್ನ ಮೇಲೆ ಹಕ್ಕಳೆಕಟ್ಟಿ, ಎಳೆದರೆ ಕೂದಲ ಕುಚ್ಚಿನೊಂದಿಗೆ ಕಿತ್ತುಬರುವ ಚರ್ಮರೋಗ ಇಂಥ ತೇವದಲ್ಲೇ ಬೆಳೆಯುವುದು. ಮುನ್ಸೂಚನೆಯಲ್ಲಿ ಚಿನೂಕ್ ಕಂಡ ದಿನ ಬೆಳಿಗ್ಗೆಯೇ ತೆಳುವಿಗೆ ಬದಲಿಸಿ, ಇಲ್ಲವೇ ತೆಗೆದುಬಿಡಿ.

ಲಾಯದ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಬೆಚ್ಚಗೆ ಮಾಡುವುದೂ ಇದೇ ಜಾತಿಯ ತಪ್ಪು. ಮೂತ್ರದ ಅಮೋನಿಯ, ಹುಲ್ಲಿನ ಧೂಳು, ಉಸಿರಿನ ತೇವ ಒಳಗೇ ಸುತ್ತುತ್ತಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಒಳಗೆ ಹೋದಾಗ ಕಣ್ಣು ಉರಿದರೆ, ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ, ಸೂರಿನ ಕೆಳಗಿನ ಗಾಳಿಗಂಡಿ ತೆಗೆಯಿರಿ. ಗಾಳಿ ಆಡಬೇಕು, ಕುದುರೆಯ ಮೈಗೆ ನೇರ ಬೀಸಬಾರದು.

ಸವಾರಿಯಲ್ಲಿ ನಾವೇ ತಂದೊಡ್ಡುವ ಅಪಾಯ ಬೆವರು. ಕಡಿವಾಣದ ಲೋಹದ ಭಾಗವನ್ನು ಕೋಟಿನೊಳಗೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಯೇ ಬಾಯಿಗಿಡಿ. ಬರಿ ಬೆರಳಿಗೆ ಅಂಟುವಷ್ಟು ತಣ್ಣಗಿದ್ದರೆ ನಾಲಿಗೆಗೂ ಅಂಟುತ್ತದೆ. ಮೊದಲ 15–20 ನಿಮಿಷ ಬರೀ ನಡಿಗೆ, ಕುದುರೆಯ ಸೊಂಟದ ಮೇಲೊಂದು ಉಣ್ಣೆಯ ಹೊದಿಕೆ ಹಾಕಿ. ಆಮೇಲೆ ಟ್ರಾಟ್, ಅಂದರೆ ಕುಕ್ಕೋಟ. ಮೈನಸ್ 15ರ ಕೆಳಗೆ ಕ್ಯಾಂಟರ್ (ಅದಕ್ಕಿಂತ ವೇಗದ ಓಟ) ಬೇಡ, ಮೈನಸ್ 20ರ ಕೆಳಗೆ ನಡಿಗೆಯೇ ಸಾಕು. ನಿಂತಿರುವಾಗ ಮೂಗಿನ ದಾರಿ ಗಾಳಿಯನ್ನು ಬಿಸಿಮಾಡಿ ಒಳಗೆ ಬಿಡುತ್ತದೆ. ಏದುಸಿರು ಬಿಡುವಾಗ ಅದಕ್ಕೆ ಪುರುಸೊತ್ತಿಲ್ಲ, ತಣ್ಣನೆಯ ಒಣಗಾಳಿ ನೇರ ಶ್ವಾಸನಾಳಕ್ಕೆ ತಾಗಿ ಒಳಪದರ ಊದಿಕೊಳ್ಳುತ್ತದೆ. ಮರುದಿನದ ಕೆಮ್ಮು ಹಲವೊಮ್ಮೆ ನೆಗಡಿಯಲ್ಲ, ಹಿಂದಿನ ದಿನದ ಓಟ.

ಇಳಿದ ಮೇಲೆ 10–15 ನಿಮಿಷ ನಡೆಸಿ. ಉಣ್ಣೆ ಅಥವಾ ಫ್ಲೀಸ್ ಹೊದಿಸಿದರೆ ತೇವ ಬಟ್ಟೆಯ ಮೇಲ್ಮೈಗೆ ಹನಿಹನಿಯಾಗಿ ಬರುತ್ತದೆ. ಆಗ ಅದನ್ನು ತೆಗೆದು ಒಣಗಿದ್ದು ಹಾಕಿ, ಕೂದಲ ವಿರುದ್ಧ ದಿಕ್ಕಿಗೆ ಉಜ್ಜಿ. ಕಿವಿಯ ಹಿಂದೆ, ಎದೆಯಲ್ಲಿ, ಜೀನಿನ ಪಟ್ಟಿ ಬಿಗಿದ ಜಾಗದಲ್ಲಿ ಬೆರಳಿಗೆ ತೇವ ಹತ್ತಿದರೆ ಇನ್ನೂ ಹೊರಗೆ ಬಿಡಬೇಡಿ. ಸವಾರಿಗೆ ಒಂದು ಗಂಟೆ ಇದ್ದರೆ ಒಣಗಿಸಲು ಇನ್ನೊಂದು ಗಂಟೆ ಇಟ್ಟುಕೊಂಡೇ ಬನ್ನಿ.

ಮಕ್ಕಳ ವಿಷಯದಲ್ಲಿ ಎರಡೇ ಮಾತು. ದಪ್ಪ ಸ್ನೋಬೂಟಿನ ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದ ಮಗು ಕುದುರೆಯ ಹಿಂದೆ ಎಳೆದಾಡಲ್ಪಡುತ್ತದೆ. ಬೂಟಿನ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಜಾಗ ಉಳಿಯುವಷ್ಟು ಅಗಲದ ರಿಕಾಪು ಕೇಳಿ ಪಡೆಯಿರಿ. ಹೆಲ್ಮೆಟ್ಟಿನ ಅಡಿಗೆ ಉಣ್ಣೆಯ ಟೋಪಿ ತೊಡಿಸಬೇಡಿ, ಹೆಲ್ಮೆಟ್ ತಲೆಗೆ ಕೂರುವುದಿಲ್ಲ. ಕಿವಿ ಮುಚ್ಚುವ ತೆಳು ಪಟ್ಟಿ ಸಾಕು.

ಲಾಳ ಕಟ್ಟಿದ ಗೊರಸಿಗೆ ಹಿಮದ ಉಂಡೆ ಕಟ್ಟುತ್ತದೆ. ಅಂಗಾಲಿನ ಬಿಸಿಗೆ ಹಿಮ ತುಸು ಕರಗುತ್ತದೆ, ತಣ್ಣನೆಯ ಕಬ್ಬಿಣಕ್ಕೆ ತಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಪದರದ ಮೇಲೆ ಪದರ. ಐದು ನಿಮಿಷದಲ್ಲಿ ಕುದುರೆ ಎತ್ತರದ ಹಿಮ್ಮಡಿ ಚಪ್ಪಲಿ ತೊಟ್ಟಂತೆ ನಿಂತಿರುತ್ತದೆ, ಗಿಣ್ಣು ಉಳುಕಲು ಇಷ್ಟು ಸಾಕು. ಸವಾರಿ ಇಲ್ಲದ ಚಳಿಗಾಲಕ್ಕೆ ಲಾಳ ಬಿಚ್ಚಿಸುವುದೇ ಮೇಲು. ಕಟ್ಟಲೇಬೇಕಿದ್ದರೆ ಲಾಳಕ್ಕೂ ಗೊರಸಿಗೂ ನಡುವೆ ಹಿಮ ತಳ್ಳುವ ರಬ್ಬರ್ ಪ್ಯಾಡ್, ಹಿಡಿತಕ್ಕೆ ಟಂಗ್‌ಸ್ಟನ್ ಮೊಳೆ. ಅಡುಗೆಯ ಎಣ್ಣೆ ಸವರುವುದು ಅರ್ಧ ಗಂಟೆಯ ಉಪಾಯ. ಗೊರಸು ಚಳಿಯಲ್ಲಿ ನಿಧಾನ ಬೆಳೆದರೂ 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ ಹದಮಾಡಿಸುವುದನ್ನು ತಪ್ಪಿಸಬೇಡಿ. ಚಿನೂಕ್ ಕರಗಿಸಿದ ಅಂಗಳ ರಾತ್ರಿ ಗಾಜಾಗುತ್ತದೆ; ಗೇಟು, ಬಾನಿಯ ಸುತ್ತ ಮರಳು ಅಥವಾ ಸೌದೆಯ ಬೂದಿ ಹಾಕಿ.

ಕೊನೆಗೆ, ಲದ್ದಿ ಎಣಿಸಿ. ಆರೋಗ್ಯದ ಕುದುರೆ ದಿನಕ್ಕೆ ಎಂಟು ಹತ್ತು ಸಲ ಹಾಕುತ್ತದೆ. ಅದು ಅರ್ಧಕ್ಕಿಳಿದರೆ, ಉಂಡೆಗಳು ಚಿಕ್ಕದಾಗಿ ಒಣಗಿ ಲೋಳೆ ಮೆತ್ತಿಕೊಂಡಿದ್ದರೆ, ಕುದುರೆ ತಿರುಗಿ ಪಕ್ಕೆ ನೋಡುತ್ತಾ ಮುಂಗಾಲಿನಿಂದ ನೆಲ ಕೆರೆಯುತ್ತಿದ್ದರೆ, ಮೇವು ತೆಗೆದು ಪಶುವೈದ್ಯರಿಗೆ ಫೋನ್ ಮಾಡಿ. ಫೋನಿಗೆ ಮೊದಲು ನಾಡಿ ಎಣಿಸಿಟ್ಟುಕೊಳ್ಳಿ, ದವಡೆಯ ಅಂಚಿನ ಕೆಳಗೆ ಸಿಗುತ್ತದೆ. ನಿಮಿಷಕ್ಕೆ 28ರಿಂದ 44 ಸಹಜ, 60 ದಾಟಿದ್ದರೆ ಅದನ್ನೇ ಮೊದಲು ಹೇಳಿ. ವೈದ್ಯರು ಬರುವವರೆಗೆ ನಿಧಾನ ನಡೆಸಬಹುದು, ದಣಿಸಬಾರದು. ಊರಿನಲ್ಲಿ ದನಕ್ಕೆ ಗೊಟ್ಟದಲ್ಲಿ ಎಣ್ಣೆ ಕುಡಿಸಿದ್ದನ್ನು ಕಂಡವರಿಗೆ ಈ ಹೊತ್ತಿನಲ್ಲಿ ಅದು ನೆನಪಾಗುತ್ತದೆ. ಇಲ್ಲಿ ಬೇಡ: ಬಾಯಿಗೆ ಸುರಿದ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಕರುಳಿನ ನೋವು ನ್ಯುಮೋನಿಯಾ ಆಗುತ್ತದೆ. ಎಣ್ಣೆ ಬೇಕಾದರೆ ವೈದ್ಯರೇ ಮೂಗಿನಿಂದ ಜಠರದವರೆಗೆ ನಳಿಗೆ ಇಳಿಸಿ, ಸರಿಯಾದ ಜಾಗ ಸೇರಿದೆ ಎಂದು ಖಚಿತ ಮಾಡಿಕೊಂಡು ಹಾಕುತ್ತಾರೆ.