ಯಾವ ಜ್ವರಕ್ಕೆ ಈ ಮಾತ್ರೆ?

ಮಗುವನ್ನು ನೋಡಿ ಕಳಿಸಿದ ಹತ್ತು ನಿಮಿಷಕ್ಕೆ ಬಾಗಿಲು ಮತ್ತೆ ಅರ್ಧ ತೆರೆದುಕೊಂಡರೆ, ಬಂದವರು ಬಿಲ್ ಕೌಂಟರಿನಿಂದ ವಾಪಸ್ ಬಂದವರೇ. ಕೈಯಲ್ಲಿ ಬಿಲ್ಲು, ದನಿ ತಗ್ಗಿರುತ್ತದೆ. "ಡಾಕ್ಟ್ರೇ, ಇಲ್ಲಿ ಎಡಿಎಚ್‌ಡಿ ಅಂತ ಇದೆಯಲ್ಲ, ಅದರ ಬದಲು ಜ್ವರ ಅಂತ ಹಾಕಿ ಕೊಡ್ತೀರಾ? ಮೆಂಟಲ್ ಕೇಸಿಗೆಲ್ಲ ಇನ್ಶೂರೆನ್ಸ್ ಬರಲ್ಲಂತೆ." ಎಡಿಎಚ್‌ಡಿ ಎಂದರೆ ಗಮನ ನಿಲ್ಲದ, ಇಲ್ಲವೇ ಚಡಪಡಿಕೆ ಅತಿಯಾಗಿರುವ ತೊಂದರೆ. ಇನ್ಶೂರೆನ್ಸ್ ಬರಲ್ಲ ಅಂತ ಹೇಳಿದ್ದು ಯಾರು? ಗೋಣಿಕೊಪ್ಪಲಿನಲ್ಲಿ ಭಾವನಿಗೆ ಗೊತ್ತಿರುವ ಒಬ್ಬ ಏಜೆಂಟರು. ಮಡಿಕೇರಿಯಲ್ಲಿ ಮಕ್ಕಳ ಮನೋವೈದ್ಯನಾಗಿ ಕೂತ ಇಷ್ಟು ವರ್ಷದಲ್ಲಿ ಆ ಏಜೆಂಟರನ್ನು ನಾನು ಕಂಡಿಲ್ಲ. ಅವರ ಸಲಹೆ ಮಾತ್ರ ವಾರಕ್ಕೊಮ್ಮೆ ಬರುತ್ತದೆ.

ಇನ್ನೊಮ್ಮೆ ಹೇಳುತ್ತೇನೆ. ದುಡ್ಡು ಬರದಿದ್ದದ್ದು ಮಗು ಅಡ್ಮಿಟ್ ಆಗಲಿಲ್ಲವೆಂದು. ನಮ್ಮಲ್ಲಿ ಬಹುಪಾಲು ಪಾಲಿಸಿಗಳು ಕೊಡುವುದು 24 ಗಂಟೆ ಆಸ್ಪತ್ರೆಯಲ್ಲಿ ಮಲಗಿದ್ದರೆ, ಇಲ್ಲವೇ ಅವರ ಪಟ್ಟಿಯಲ್ಲಿರುವ, ಒಂದೇ ದಿನದಲ್ಲಿ ಮುಗಿಸಿ ಮನೆಗೆ ಕಳಿಸುವ ಡೇ ಕೇರ್ ಚಿಕಿತ್ಸೆಯಾದರೆ. ಎಡಿಎಚ್‌ಡಿ ಮಗು ಬರುತ್ತದೆ, ನನ್ನ ಕುರ್ಚಿ ಗಿರಗಿರ ತಿರುಗಿಸುತ್ತದೆ, ಹೋಗುತ್ತದೆ. ಅದು ಒಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವುದು. ನಾಳೆ ಅದೇ ಮಗುವಿಗೆ ನಿಜವಾಗಿ ಜ್ವರ ಬಂದು, ಸಿರಪ್ ಬರೆಸಿಕೊಂಡು ಮನೆಗೆ ಹೋದರೆ ಆ ಬಿಲ್ಲಿಗೂ ಸೊನ್ನೆಯೇ. ಅಂದಮೇಲೆ ನಾನು ಸುಳ್ಳು ಬರೆದು ನಿಮಗೆ ಸಿಗುವುದೇನು? ಬಿಲ್ಲಿನ ಹಿಂದೆ ಚಿತ್ರವನ್ನೂ ಬರೆದು ತೋರಿಸಿದ್ದೇನೆ. ಒಂದು ಮಂಚ, ಒಂದು ಕುರ್ಚಿ. ಮಂಚಕ್ಕೆ ದುಡ್ಡುಂಟು, ಕುರ್ಚಿಗಿಲ್ಲ. ತಲೆಯಾಡಿಸುತ್ತಾರೆ. ಆಮೇಲೆ, "ಹಂಗಾದ್ರೆ ಟೈಫಾಯ್ಡ್ ಅಂತ ಬರೀರಿ."

ಒಪಿಡಿ ಕವರ್ ಇರುವ ಪಾಲಿಸಿಯಾದರೆ ಮಾತು ಬೇರೆ. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆಯೋ ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಇರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್. ಜ್ವರಕ್ಕೆ ಕೊಟ್ಟು ಇದಕ್ಕೆ ಕೊಡದಿದ್ದರೆ ಏಕೆಂದು ಬರವಣಿಗೆಯಲ್ಲೇ ಕೇಳಿ. ಕೇಳಬೇಕಾದರೆ ಬಿಲ್ಲಿನಲ್ಲಿ ನಿಜ ಇರಬೇಕಲ್ಲ! ಷರತ್ತುಗಳು ಒಂದೊಂದು ಪಾಲಿಸಿಗೆ ಒಂದೊಂದು ಥರ. ನಾನು ವಕೀಲನಲ್ಲ, ನಿಮ್ಮದನ್ನು ತಿಳಿದವರಿಂದ ಓದಿಸಿ.

ಸುಳ್ಳು ಹೆಚ್ಚು ದಿನ ನಿಲ್ಲುವುದೂ ಇಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಬಿಗಿ ಕಟ್ಟುಪಾಡಿರುವ ಪಟ್ಟಿಯದು. ಚೀಟಿ ಎರಡು ಪ್ರತಿ ಬರೆಯಬೇಕು, ಒಂದನ್ನು ಮೆಡಿಕಲ್ ಶಾಪಿನವರು ಎರಡು ವರ್ಷ ಇಟ್ಟುಕೊಳ್ಳಬೇಕು. ಬಿಲ್ಲಿನಲ್ಲಿ ಜ್ವರ, ಚೀಟಿಯಲ್ಲಿ ಇದು. ಯಾವ ಜ್ವರಕ್ಕೆ ಸ್ವಾಮಿ ಈ ಮಾತ್ರೆ ಅಂತ ಕೇಳಿದರೆ ನಾನೇನು ಹೇಳಲಿ? ಈ ಮಾತ್ರೆಗೆಂದೇ ಮೈಸೂರು ಬಸ್ ಹತ್ತುವ ತಾಯಂದಿರಿದ್ದಾರೆ. ಅವರ ಖರ್ಚು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯಲಾರೆ.

ಕಾಯಿಲೆಗೆ ಕೊಡುವ ಸಂಖ್ಯೆಗೆ ಕೋಡ್ ಅನ್ನುತ್ತೇವೆ. ಆ ಕೋಡಿನಲ್ಲಿ ನಿಜಕ್ಕೂ ಎಡವುವ ಜಾಗ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕೇಳಿದವರು ಒಬ್ಬರೇ, ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರು. ಜುಲೈ ಮಳೆ. ಎರಡು ಪ್ಲಾಸ್ಟಿಕ್ ಕವರ್ ಬಿಚ್ಚಿ ಫೈಲ್ ತೆಗೆದರು. ಮಗಳು ಅಮೆರಿಕದಿಂದ ಊರಿಗೆ ಮರಳಿದ್ದಾಳೆ. ಮೊಮ್ಮಗನ ಕಾಗದದಲ್ಲಿ ಅಲ್ಲಿನ ಡಾಕ್ಟರು ಎಫ್ 90.1 ಎಂದು ಬರೆದಿದ್ದಾರೆ. ಅಜ್ಜ ಮೊಬೈಲಿನಲ್ಲಿ ಹುಡುಕಿದ್ದಾರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-10 ಸಿಕ್ಕಿದೆ. ಅದರಲ್ಲಿ ಎಫ್ 90.1 ಅಂದರೆ ಅತಿ ಚಟುವಟಿಕೆಯ ಜೊತೆಗೆ ನಡತೆಯ ತೊಂದರೆ. "ನಮ್ಮ ಒಕ್ಕದಲ್ಲಿ ನಡತೆ ಕೆಟ್ಟವರು ಯಾರೂ ಇಲ್ಲ ಡಾಕ್ಟ್ರೇ," ಎಂದರು. ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಅಮೆರಿಕದವರು ಬಿಲ್ಲಿಗೆ ಬಳಸುವುದು ತಾವೇ ತಿದ್ದಿಕೊಂಡ ಪುಸ್ತಕ, ಐಸಿಡಿ-10-ಸಿಎಂ. ಅದರಲ್ಲಿ 90.0 ಎಂದರೆ ಗಮನ ನಿಲ್ಲದಿರುವುದೇ ಹೆಚ್ಚು, 90.1 ಎಂದರೆ ಚಡಪಡಿಕೆಯೇ ಹೆಚ್ಚು, 90.2 ಎಂದರೆ ಎರಡೂ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ 90.2 ಇಲ್ಲವೇ ಇಲ್ಲ. ಹೊಸ ಐಸಿಡಿ-11ರಲ್ಲಂತೂ ಇದಕ್ಕೆ 6ಎ05 ಎಂಬ ಬೇರೆಯದೇ ಸಂಖ್ಯೆ. ಅಜ್ಜ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. "ಹಾಗಾದ್ರೆ ಬರೀ ತುಂಟತನ ಅನ್ನಿ."

ಹಾಗೂ ಅನ್ನಲಾರೆ. ಎಡಿಎಚ್‌ಡಿ ಎನ್ನಲು ಲಕ್ಷಣಗಳು ಮನೆಯಲ್ಲಿ ಮಾತ್ರ ಕಂಡರೆ ಸಾಲದು, ಶಾಲೆಯಲ್ಲೂ ಕಾಣಬೇಕು ಎಂದು ಹೇಳಿ ಟೀಚರ್ ತುಂಬುವ ಫಾರ್ಮ್ ಕೊಟ್ಟೆ. ಮುಂದಿನ ಸಲ ತಂದರು. ಮಳೆಗೆ ನೆನೆಯಬಾರದೆಂದು ಲ್ಯಾಮಿನೇಷನ್ ಮಾಡಿಸಿದ್ದರು. ಅಂಕ ಕೂಡಿಸಿ ಕೆಳಗೆ ಬರೆಯಲು ಹೋದರೆ ನನ್ನ ಪೆನ್ನು ಹಿಡಿಯಲೇ ಇಲ್ಲ.