ಮೋಡದ ನೆತ್ತಿ ಎಷ್ಟು ಬೇಗ ತಣ್ಣಗಾಯಿತು?

ಶಿರಾ ಹತ್ತಿರ ನಮ್ಮ ಭಾವ ಕುರಿ ಸಾಕಿದ್ದಾರೆ. ನಾನು ಹವಾಮಾನ ಮುನ್ಸೂಚನೆಯ ಕೆಲಸದಲ್ಲಿರುವುದರಿಂದ ಏಪ್ರಿಲ್ ಬಂತೆಂದರೆ ಅವರಿಂದ ವಾಟ್ಸಾಪ್‌ನಲ್ಲಿ ಒಂದು ಉಪಗ್ರಹ ಚಿತ್ರ ಬರುತ್ತದೆ. ಕರ್ನಾಟಕದ ನಕ್ಷೆ, ಮೇಲೊಂದು ಕೆಂಪು ಕಲೆ, ಕೆಳಗೆ ‘ಇದು ನಮ್ ಕಡೆಗೇ ಬರ್ತಿದೆಯಾ?’ ಅನ್ನುವ ಪ್ರಶ್ನೆ. ಒಮ್ಮೆ ಸಂಜೆ 6 ಗಂಟೆಗೆ ಹಾಗೆ ಕಳಿಸಿದ್ದರು. ಚಿತ್ರದ ಮೂಲೆಯಲ್ಲಿ 0930 ಯುಟಿಸಿ ಅಂತ ಇತ್ತು. ಯುಟಿಸಿ ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಮಧ್ಯಾಹ್ನ 3 ಗಂಟೆ. ಅಷ್ಟು ಹೊತ್ತಿಗೆ ಆ ಮೋಡ ಎಲ್ಲೋ ಸುರಿದು ಮುಗಿದೇ ಹೋಗಿತ್ತು. ಯಾರೇ ಇಂಥ ಚಿತ್ರ ಕಳಿಸಲಿ, ಮೊದಲು ಗಂಟೆ ನೋಡಿ. ಬಣ್ಣ ಆಮೇಲೆ.

ಆ ಕೆಂಪು ಮಳೆಯೂ ಅಲ್ಲ. ಅದು ಚಳಿಯ ಲೆಕ್ಕ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್-3ಡಿಆರ್, ಇನ್ಸಾಟ್-3ಡಿಎಸ್ ಉಪಗ್ರಹಗಳು ಭೂಮಿಯಿಂದ ಮೇಲೆ ಬರುವ ಶಾಖವನ್ನು ಅಳೆಯುತ್ತವೆ. ನಾವು ಜಾಸ್ತಿ ನೋಡುವ ಇನ್‌ಫ್ರಾರೆಡ್ ಚಾನೆಲ್ 10.3ರಿಂದ 11.3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಉದ್ದದ ಅಲೆಗಳದ್ದು. ಈ ಅಲೆಗಳನ್ನು ನಡುವಿನ ಗಾಳಿ ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಮೋಡ ಇಲ್ಲದ ಕಡೆ ಕಾದ ನೆಲ ಕಾಣುತ್ತದೆ, ದಟ್ಟ ಮೋಡ ಇರುವ ಕಡೆ ಅದರ ನೆತ್ತಿ ಮಾತ್ರ ಕಾಣುತ್ತದೆ. ಬಿಸಿಲು ಬೇಕಿಲ್ಲ, ನಡುರಾತ್ರಿಯಲ್ಲೂ ಕಾಣುತ್ತದೆ. ಮೇಲೆ ಹೋದಂತೆ ಗಾಳಿ ಕಿ.ಮೀ.ಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ, ಅಲ್ವಾ? ನೆತ್ತಿ −60 ಡಿಗ್ರಿ ಇದೆ ಅಂದರೆ ಮೋಡ ಹತ್ತಿರ ಹತ್ತಿರ 13 ಕಿ.ಮೀ. ಏರಿದೆ ಅಂತ ಅರ್ಥ. ಅಷ್ಟು ತಣ್ಣಗಿರುವುದಕ್ಕೆ ಯಾವ ಬಣ್ಣ ಬಳಿಯಬೇಕು ಅನ್ನುವುದು ಚಿತ್ರ ಮಾಡಿದವರ ಇಷ್ಟ. ಒಬ್ಬರು ಕೆಂಪು ಬಳಿಯುತ್ತಾರೆ, ಇನ್ನೊಬ್ಬರು ಬಿಳಿ. ಪಕ್ಕದ ಬಣ್ಣದ ಪಟ್ಟಿ ಓದದೆ ಏನನ್ನೂ ಹೇಳಬಾರದು. ಕೆಲವು ಚಿತ್ರಗಳಲ್ಲಿ ಉಷ್ಣತೆ ಕೆಲ್ವಿನ್‌ನಲ್ಲಿರುತ್ತದೆ. 200 ಕೆಲ್ವಿನ್ ಅಂದರೆ −73 ಡಿಗ್ರಿ.

ಹಾಗಾದರೆ ತಣ್ಣಗಿದ್ದಷ್ಟೂ ಅಪಾಯ ಜಾಸ್ತಿಯೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಜುಲೈ ತಿಂಗಳ ಆಗುಂಬೆ ಅದನ್ನು ಬಿಡಿಸಿತು. ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೋಡ ತೀರ ಎತ್ತರಕ್ಕೆ ಹೋಗದೆಯೇ ದಿನವಿಡೀ ಜಡಿಮಳೆ ಸುರಿಯುತ್ತದೆ. ಕೆಳಗೆ ಹಳ್ಳ ಕಟ್ಟೆ ಒಡೆಯುವಂತಿದ್ದರೂ ಇನ್‌ಫ್ರಾರೆಡ್ ಚಿತ್ರದಲ್ಲಿ ಅಲ್ಲಿ ಹೆದರಿಕೆಯ ಬಣ್ಣ ಇರುವುದೇ ಇಲ್ಲ. ಇದಕ್ಕೆ ತದ್ವಿರುದ್ಧವೂ ಉಂಟು. ಗುಡುಗಿನ ಮೋಡ ಮೇಲೇರಿ ತಡೆ ಸಿಕ್ಕ ಕಡೆ, ಅಂದರೆ ಮೇಲೆ ಹೋದಂತೆ ಗಾಳಿ ತಣ್ಣಗಾಗುವುದು ನಿಲ್ಲುವ ಎತ್ತರದಲ್ಲಿ, ಚಪ್ಪರದ ಹಾಗೆ ಹರಡಿಕೊಳ್ಳುತ್ತದೆ. ಇದನ್ನು ಆನ್ವಿಲ್ ಅನ್ನುತ್ತೇವೆ. ಕೆಳಗಿನ ಮಳೆ ನಿಂತ ಮೇಲೂ ಈ ಚಪ್ಪರ ಗಂಟೆಗಟ್ಟಲೆ ತಣ್ಣಗೇ ಉಳಿದು ಗಾಳಿಯ ಜೊತೆ ತೇಲುತ್ತದೆ. ಚಿತ್ರದಲ್ಲಿ ದೊಡ್ಡ ಕೆಂಪು ಕಲೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಭಾವ ಕಳಿಸುವ ಚಿತ್ರಗಳಲ್ಲಿ ಎಷ್ಟೋ ಇಂಥವೇ.

ಹೊರಗಿನಿಂದ ಬಂದ ಅಳತೆಗಳನ್ನೂ ಸುಮ್ನೆ ಒಪ್ಪಿಕೊಳ್ಳಬಾರದು ಅಂತ ನನ್ನ ಅನಿಸಿಕೆ. 1980ರಲ್ಲಿ ಅಮೆರಿಕದ ರಾಬರ್ಟ್ ಮ್ಯಾಡಾಕ್ಸ್ ದೊಡ್ಡ ಗುಡುಗು ಮೋಡಗಳ ಗುಂಪನ್ನು ಗುರುತಿಸಲು −32 ಮತ್ತು −52 ಡಿಗ್ರಿಯ ಗೆರೆಗಳನ್ನು ಬಳಸಿದರು. ಅಲ್ಲಿನ ಬಯಲಿಗೆ ಅದು ಸರಿ. ನಮ್ಮಲ್ಲಿ ಮೋಡಕ್ಕೆ ತಡೆ ಸಿಗುವುದೇ 16-17 ಕಿ.ಮೀ. ಎತ್ತರದಲ್ಲಿ. ಬೇಸಿಗೆಯ ಸಾಧಾರಣ ಗುಡುಗು ಮಳೆಯೂ −52 ದಾಟುತ್ತದೆ. ಅದನ್ನೇ ನೆಚ್ಚಿಕೊಂಡರೆ ಮೇ ತಿಂಗಳಲ್ಲಿ ದಿನಾ ಎಚ್ಚರಿಕೆ ಕೊಡಬೇಕಾಗುತ್ತದೆ. ನಾಲ್ಕನೇ ದಿನ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ನೋಡುವುದು ನೆತ್ತಿ ತಣ್ಣಗಾಗುವ ವೇಗ. ಕೃತ್ತಿಕೆ ಮಳೆಯ ದಿನಗಳ ಒಂದು ಮಧ್ಯಾಹ್ನ ಹೇಳುತ್ತೇನೆ. 1.30ರ ಚಿತ್ರದಲ್ಲಿ ಶಿರಾದ ಪಶ್ಚಿಮಕ್ಕೆ ಒಂದೇ ಒಂದು ಬೂದು ಚುಕ್ಕೆ. ನೆತ್ತಿ −10 ಡಿಗ್ರಿ. ಹೂಕೋಸಿನಂಥ ಬಿಳಿ ಮೋಡ, ದಿನಾ ಹುಟ್ಟಿ ದಿನಾ ಸಾಯುವಂಥದ್ದು. 2 ಗಂಟೆಗೆ ಅದೇ ಚುಕ್ಕೆ −38. ಅರ್ಧ ಗಂಟೆಗೆ 28 ಡಿಗ್ರಿ, ಅಂದರೆ ಕಾಲು ಗಂಟೆಗೆ 14. ಕಾಲು ಗಂಟೆಗೆ 4 ಡಿಗ್ರಿ ಇಳಿದರೆ ಮೋಡ ನಿಧಾನವಾಗಿ ಬೆಳೆಯುತ್ತಿದೆ ಅನ್ನಬಹುದು. 8 ದಾಟಿದರೆ ಜೋರು. ಇದು 14! ಇನ್ನೊಂದು ವಿಷಯ: ಸಿಡಿಲಿನ ವಿದ್ಯುತ್ತು ಹುಟ್ಟುವುದು ಮಂಜುಗಡ್ಡೆಯ ಹರಳು, ಮೆತ್ತನೆ ಆಲಿಕಲ್ಲು ಒಂದಕ್ಕೊಂದು ಉಜ್ಜಿದಾಗ. ಅದಕ್ಕೆ ಮೋಡ ಸೊನ್ನೆ ಡಿಗ್ರಿಯ ಎತ್ತರವನ್ನು ಚೆನ್ನಾಗಿ ದಾಟಿ ಹೋಗಿರಬೇಕು. ಈ ಮೋಡ ಒಂದೇ ನೆಗೆತಕ್ಕೆ ಅದಕ್ಕಿಂತ ಬಹಳ ಮೇಲೆ ಹೋಗಿತ್ತು. ಕಲೆ ಇನ್ನೂ ಚಿಕ್ಕದು, ಬಣ್ಣವೂ ಕೆಂಪಾಗಿರಲಿಲ್ಲ. ಆ ಚಿತ್ರವನ್ನು ಯಾರೂ ವಾಟ್ಸಾಪ್‌ಗೆ ಹಾಕುವುದಿಲ್ಲ. ನಾನು ಭಾವನಿಗೆ ಫೋನ್ ಮಾಡಿದೆ.

‘ಭಾವ, ಕುರಿ ಹೊಡ್ಕೊಂಡು ದೊಡ್ಡಿಗೆ ಬನ್ನಿ. ಮರದ ಕೆಳಗೆ ಮಾತ್ರ ನಿಲ್ಲಬೇಡಿ.’

‘ಇಲ್ಲಿ ಬಿಸಿಲು ರಾಚ್ತಿದೆ ಕಣಯ್ಯಾ!’

‘ರಾಚಲಿ. ನೀವು ಬನ್ನಿ.’

2.30ಕ್ಕೆ −62. ಚಪ್ಪರ ಬಿಚ್ಚಿಕೊಳ್ಳಲು ಶುರುವಾಗಿತ್ತು. 3 ಗಂಟೆಯ ಚಿತ್ರದಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಚಪ್ಪರವೆಲ್ಲ −70ರ ಆಸುಪಾಸಿನಲ್ಲಿ ಒಂದೇ ಬಣ್ಣ, ನಡುವೆ ಎರಡು ಮೂರು ಚುಕ್ಕೆಗಳಷ್ಟು ಜಾಗ ಮಾತ್ರ −79. ಹಾಲು ಕುದಿದು ಪಾತ್ರೆಯ ಅಂಚು ಮೀರಿ ಉಬ್ಬುವುದನ್ನು ನೋಡಿದ್ದೀರಲ್ಲ, ಹಾಗೇ ಇದು. ಒಳಗಿನ ಗಾಳಿ ಎಷ್ಟು ಬಿರುಸಾಗಿ ಏರುತ್ತಿದೆಯೆಂದರೆ ತಡೆ ಸಿಕ್ಕರೂ ನಿಲ್ಲದೆ ಒಂದಿಷ್ಟು ದೂರ ಮೇಲಕ್ಕೆ ಚಿಮ್ಮುತ್ತದೆ. ಏರುತ್ತಾ ಹಿಗ್ಗಿ ಸುತ್ತಲಿನ ಚಪ್ಪರಕ್ಕಿಂತ ತಣ್ಣಗಾಗುತ್ತದೆ. ಓವರ್‌ಶೂಟಿಂಗ್ ಟಾಪ್ ಅಂದರೆ ಇದೇ. ಸುತ್ತಲಿಗಿಂತ 6-7 ಡಿಗ್ರಿಯಾದರೂ ತಣ್ಣಗಿದ್ದರೆ ನಾನು ಸುಮ್ಮನಿರುವುದಿಲ್ಲ. ನಮ್ಮ ಉಪಗ್ರಹಕ್ಕೆ ಒಂದು ಚುಕ್ಕೆ ಅಂದರೆ 4 ಕಿ.ಮೀ. ಅಗಲ. ಉಬ್ಬು ಅದಕ್ಕಿಂತ ಸ್ವಲ್ಪವೇ ದೊಡ್ಡದು. ಸುತ್ತಲಿನ ಬಿಸುಪೂ ಅದರಲ್ಲಿ ಕಲಸಿಹೋಗುವುದರಿಂದ ನಿಜವಾದ ನೆತ್ತಿ ಚಿತ್ರದಲ್ಲಿ ಕಾಣುವುದಕ್ಕಿಂತ ಇನ್ನೂ ತಣ್ಣಗಿರುತ್ತದೆ. 2018ರ ಡಿಸೆಂಬರ್ 29ರಂದು ಪೆಸಿಫಿಕ್‌ನ ನೌರು ದ್ವೀಪದ ದಕ್ಷಿಣಕ್ಕೆ ಇಂಥದೇ ಒಂದು ಉಬ್ಬಿನಲ್ಲಿ −111 ಡಿಗ್ರಿ ಅಳೆದದ್ದು ಭೂಮಿಗೆ ಹತ್ತಿರದ ಕಕ್ಷೆಯ, ಹೆಚ್ಚು ಚೂಪು ಕಣ್ಣಿನ ಉಪಗ್ರಹ.

ಇಂಥ ಉಬ್ಬಿನ ಕೆಳಗೆ ಆಲಿಕಲ್ಲು, ಬಿರುಗಾಳಿ, ಎಡೆಬಿಡದ ಸಿಡಿಲು ಇರುವ ಸಾಧ್ಯತೆ ಹೆಚ್ಚು. ಉಬ್ಬು ಕುಸಿದ ಹೊತ್ತಿಗೇ ಗಾಳಿ ನೆಲಕ್ಕೆ ಅಪ್ಪಳಿಸುವುದನ್ನೂ ಎಷ್ಟೋ ಸಲ ಕಂಡಿದ್ದೇನೆ. ಆದರೆ ಚಿತ್ರಗಳ ನಡುವೆ ಕಾಲು ಗಂಟೆ, ಅರ್ಧ ಗಂಟೆ ಅಂತರ ಇರುತ್ತದೆ. ಅಷ್ಟರಲ್ಲಿ ಒಂದು ಉಬ್ಬು ಹುಟ್ಟಿ ಅಡಗಿಯೂ ಬಿಡಬಹುದು. ಅದಕ್ಕೇ ರೇಡಾರ್ ಬೇಕು, ಮಿಂಚು ಎಲ್ಲಿ ಹೊಡೆಯುತ್ತಿದೆ ಅಂತ ತೋರಿಸುವ ‘ದಾಮಿನಿ’, ನಮ್ಮ ರಾಜ್ಯದ ‘ಸಿಡಿಲು’ ಆಪ್‌ಗಳೂ ಬೇಕು. ಕುರಿ ಕಾಯುವವರ ಫೋನಿನಲ್ಲಿ ಇವೆರಡರಲ್ಲಿ ಒಂದಾದರೂ ಇರಲೇಬೇಕು.

3.20ಕ್ಕೆ ಭಾವನೇ ಫೋನ್ ಮಾಡಿದರು. ಏನೋ ಹೇಳುತ್ತಿದ್ದರು, ಮಾತು ಕೇಳಿಸಲಿಲ್ಲ. ದೊಡ್ಡಿಯ ತಗಡಿನ ಮೇಲೆ ಆಲಿಕಲ್ಲು ಬೀಳುವ ಸದ್ದು, ಅದರ ನಡುವೆ ಕುರಿಗಳ ಕೂಗು, ಅಷ್ಟೇ ಕೇಳಿಸುತ್ತಿತ್ತು.